ಕಿವಿರು ಎತ್ತಿಟ್ಟ ಅಕ್ಕನಿಗೆ

ಕೊನೆಗೂ ಬಂತು. ನಾಲ್ಕು ವರ್ಷ ನಿದ್ದೆ ಕೆಡಿಸಿದ ಹುಳಕ್ಕೆ ಕಳೆದ ವಾರ ನದಿಯ ಹೆಸರು ಸಿಕ್ಕಿತು, ಅದರ ಮೇಲಿನ ಸಂಶೋಧನಾ ಪ್ರಬಂಧ ಅಚ್ಚಾಯಿತು.

ತುಂಗಭದ್ರೆಯ ಬಾಳೆ ಮೀನಿನ ಕಿವಿರಿಗೆ ಅಂಟಿಕೊಂಡು ಬದುಕುವ ಚಪ್ಪಟೆ ಹುಳ ಅದು. ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು. ಬಾಲದ ಕಡೆ ಎರಡು ಜೊತೆ ದೊಡ್ಡ ಕೊಕ್ಕೆ, ಜೊತೆಗೆ 14 ಪುಟಾಣಿ ಕೊಕ್ಕೆ. ಥಾಪರೋಕ್ಲೀಡಸ್ ಅನ್ನುವ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ಸೇರಿದ್ದು. 1952ರಲ್ಲಿ ಜೈನ್ ಅನ್ನುವ ವಿಜ್ಞಾನಿ ಆ ಕುಲಕ್ಕೆ ಹೆಸರಿಟ್ಟದ್ದೂ ಬಾಳೆ ಮೀನಿನ ಹುಳ ನೋಡಿಯೇ. ಆಮೇಲೆ ಇದೇ ಮೀನಿನಲ್ಲಿ ಇನ್ನೂ ಹಲವು ಜಾತಿಯ ಹುಳ ಸಿಕ್ಕಿವೆ. ಹಾಗಾಗಿ ಹೊಸದು ಸಿಕ್ಕಿತು ಅಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ನಂಬಲೂಬಾರದು.

"ತಿಂದ್ರೆ ಏನಾದ್ರೂ ಆಗುತ್ತಾ?" ಅಂತ ಅಮ್ಮ ಮೊದಲು ಕೇಳಿದ್ದು. ಏನೂ ಆಗಲ್ಲ. ಈ ಹುಳ ಮನುಷ್ಯರಿಗೆ ಅಂಟುವುದಿಲ್ಲ. ಕಿವಿರನ್ನು ಹೇಗೂ ಕಿತ್ತು ಬಿಸಾಕುತ್ತೇವೆ, ಅಲ್ವಾ?

ಆ ಬಿಸಾಕುವ ಕಿವಿರೇ ನನಗೆ ಬೇಕಿದ್ದದ್ದು. ಹಾಗಾಗಿ ಮೊದಲ ನಮಸ್ಕಾರ ಹರಿಹರದಲ್ಲಿ ಮೀನು ಮಾರುವ ಅಕ್ಕನಿಗೆ. ಅವರ ಹತ್ತಿರ ಮೊದಲ ದಿನ ಕಿವಿರು ಕೇಳಿದಾಗ, "ಬೆಕ್ಕಿಗಾ?" ಅಂದರು. ಹುಳ ಹುಡುಕೋಕೆ ಅಂದೆ. ಮುಖ ನೋಡಿ ಸುಮ್ಮನಾದರು. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಹುಳವೂ ಸತ್ತು ಕರಗಲು ಶುರುವಾಗುತ್ತದೆ, ಮಧ್ಯಾಹ್ನದ ಮೀನು ಪ್ರಯೋಜನಕ್ಕೆ ಬರಲ್ಲ ಅಂತ ಹೇಳಿದ್ದೆ, ಅಷ್ಟೇ. ಅವತ್ತಿನಿಂದ ಬಾಳೆ ಮೀನು ಬಂದ ದಿನವೆಲ್ಲ ಬೆಳಗಿನ ಐದೂವರೆಗೆ ಫೋನು. ನಾನು ಹೋಗುವಷ್ಟರಲ್ಲಿ ಕಿವಿರು ಕವರಿನಲ್ಲಿ, ಕವರು ಐಸಿನಲ್ಲಿ. ಒಂದು ರೂಪಾಯಿ ತಗೊಳ್ಳಲಿಲ್ಲ. ಬಾಳೆ ಮೀನು ಈಗ ಮೊದಲಿನಷ್ಟು ಬರೋದಿಲ್ಲ ಅಂತ ಗೊಣಗುತ್ತಲೇ ಕೊಡುತ್ತಿದ್ದರು. ಆ ಗೊಣಗಾಟವನ್ನು ಮೊದಮೊದಲು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಅದರ ತೂಕ ಆಮೇಲೆ ತಿಳಿಯಿತು. ಇಂಥ ಹುಳಗಳಲ್ಲಿ ಹೆಚ್ಚಿನವಕ್ಕೆ ಒಂದೇ ಜಾತಿಯ ಮೀನು ಮನೆ. ಮೀನು ಹೋದರೆ ಹುಳವೂ ಹೋಯಿತು.

ಎರಡನೇ ನಮಸ್ಕಾರ, ಅಚ್ಚಿಗೆ ಮುಂಚೆ ಪ್ರಬಂಧವನ್ನು ಪರಿಶೀಲಿಸಿ ಮೊದಲ ಸಲ ತಿರಸ್ಕರಿಸಿದ, ಹೆಸರು ಗೊತ್ತಿಲ್ಲದ ವಿಮರ್ಶಕರಿಗೆ. ಅವತ್ತು ಬೈದುಕೊಂಡಿದ್ದು ನಿಜ. ಆದರೆ ಅವರು ಹೇಳಿದ್ದು ಸರಿ ಇತ್ತು. ಸ್ಲೈಡಿನ ಮೇಲೆ ಹುಳವನ್ನು ಮುಚ್ಚುವ ಗಾಜಿನ ಚೂರನ್ನು ಜಾಸ್ತಿ ಒತ್ತಿದರೆ ಹುಳ ಹರಡಿಕೊಳ್ಳುತ್ತದೆ, ಅಳತೆ ತಪ್ಪುತ್ತದೆ. ನಾನು ಒಂದೊಂದು ಸ್ಲೈಡನ್ನು ಒಂದೊಂದು ಥರ ಒತ್ತಿದ್ದೆ! ಗಂಡು ಜನನಾಂಗದ ಗಟ್ಟಿ ಕೊಳವೆಯ ಚಿತ್ರವೂ ಮಸುಕು. ಜಾತಿ ಗುರುತಿಸುವುದು ಕೊಕ್ಕೆ ಮತ್ತು ಆ ಕೊಳವೆಯಿಂದಲೇ. ಎಲ್ಲವನ್ನೂ ಮತ್ತೆ ಮಾಡಿದೆ. ಬಿಸಿನೀರಿನಲ್ಲಿ ಹುಳವನ್ನು ಸಡಿಲಿಸಿ, ಸೂಜಿಯಿಂದ ಎರಡು ತುಂಡು ಮಾಡಿ, ಕೊಕ್ಕೆಯ ಭಾಗ ಸ್ಲೈಡಿಗೆ, ಉಳಿದದ್ದು ಡಿಎನ್‌ಎ ಪರೀಕ್ಷೆಗೆ. ಅರ್ಧ ಮಿಲಿಮೀಟರಿನ ಹುಳವನ್ನು ಕತ್ತರಿಸುವಾಗ ಉಸಿರು ಬಿಟ್ಟರೂ ಅದು ಹಾರಿಹೋಗುತ್ತದೇನೋ ಅನ್ನಿಸುತ್ತಿತ್ತು.

ಆ ತಿಂಗಳುಗಳಲ್ಲಿ ರಾತ್ರಿ ಎಂಟಾದರೂ ಲ್ಯಾಬಿಗೆ ಬೀಗ ಹಾಕದೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ ಅಟೆಂಡರ್ ಅಣ್ಣನನ್ನು ಹೇಗೆ ಮರೆಯಲಿ? ಹಳೇ ಪ್ರಬಂಧಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಗೆಳತಿಯರು, ಮೇಡಂ, ಎಲ್ಲರಿಗೂ ಋಣಿ. ಮಾದರಿಯ ಸ್ಲೈಡುಗಳು ಈಗ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿವೆ. ನಾಳೆ ಯಾರಿಗಾದರೂ ನನ್ನ ಮಾತು ತಪ್ಪು ಅನ್ನಿಸಿದರೆ ಹೋಗಿ ನೋಡಬಹುದು.

ಹುಳಕ್ಕೆ ನದಿಯ ಹೆಸರು ಯಾಕೆ ಅಂತ ಕೆಲವರು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅಕ್ಕನ ಹೆಸರಿಡಬೇಕು ಅಂತಿದ್ದೆ. ಅನುಮತಿ ಕೇಳೋಕೆ ಹೋದೆ. ಅವರು ಕತ್ತಿ ಕೆಳಗಿಟ್ಟು ನಕ್ಕರು.

"ಬ್ಯಾಡ ಬಿಡವ್ವ. ಹುಳದ ಮೀನು ಮಾರ್ತಾಳೆ ಅಂದ್ರೆ ನಾಳೆ ಗಿರಾಕಿ ಬರ್ತಾರಾ?"