ಲಾಕೀಷ್ ಊರನ್ನು ಬಿಟ್ಟು ಈ ಕಥೆ ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಅಸ್ಸೀರಿಯಾದ (ಈಗಿನ ಇರಾಕ್ ಕಡೆಯ ಹಳೇ ಸಾಮ್ರಾಜ್ಯ) ದೊರೆ ಸನ್ಹೇರೀಬ ಜೆರುಸಲೇಮಿನ ಮೇಲೆ ದಂಡೆತ್ತಿ ಬಂದ ಬಗ್ಗೆ ಲೇಖನ ಬಂದಿತ್ತು. ಇಂಥ ವಿಷಯ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಓದಿ ಮುಗಿಸಿದ ಮೇಲೆ ಸಮಾಧಾನ ಆಗಲಿಲ್ಲ. ದೊರೆ ಬಂದ, ಊರಿಗೆ ಮುತ್ತಿಗೆ ಹಾಕಿದ, ಒಂದೇ ರಾತ್ರಿಯಲ್ಲಿ ದೇವದೂತ ಅವನ 1,85,000 ಸೈನಿಕರನ್ನು ಕೊಂದ, ಅವನು ಮುಖ ಮುಚ್ಚಿಕೊಂಡು ತನ್ನ ರಾಜಧಾನಿ ನಿನೆವೆಗೆ ವಾಪಸ್ ಹೋದ, ಅಲ್ಲಿ ಹೆತ್ತ ಮಕ್ಕಳೇ ಅವನನ್ನು ಕೊಂದರು. ಲೇಖನ ಅಲ್ಲಿಗೆ ಮುಗಿಯಿತು. ಜೆರುಸಲೇಮ್ ಉಳಿದಿದ್ದು ನಿಜ. ಆದರೆ ಆ ವರ್ಷ, ಅಂದರೆ ಕ್ರಿ.ಪೂ. 701ರಲ್ಲಿ, ಜೆರುಸಲೇಮ್ ರಾಜಧಾನಿಯಾಗಿದ್ದ ಯೆಹೂದ ದೇಶದ ಜನಕ್ಕೆ ಏನಾಯಿತು ಅಂತ ಕೇಳಿದರೆ ಅದು ಅರ್ಧ ಕಥೆಯೂ ಆಗುವುದಿಲ್ಲ. ಲಾಕೀಷ್ ಅನ್ನುವ ಹೆಸರು ಲೇಖನದಲ್ಲಿ ಒಂದು ಸಲವೂ ಬರಲಿಲ್ಲ. ನನ್ನ ತಕರಾರು ಇದೇ.

ಲಾಕೀಷ್ ಇರುವುದು ಜೆರುಸಲೇಮಿನಿಂದ ನೈಋತ್ಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ. ಯೆಹೂದದಲ್ಲಿ ಜೆರುಸಲೇಮ್ ಬಿಟ್ಟರೆ ಅದೇ ದೊಡ್ಡ ಕೋಟೆ ಊರು. ಸನ್ಹೇರೀಬ ಠಿಕಾಣಿ ಹೂಡಿದ್ದೂ ಅಲ್ಲೇ. ಇದನ್ನು ಬೈಬಲ್ಲೇ ಹೇಳುತ್ತದೆ. ಎರಡನೇ ಅರಸುಗಳು ಪುಸ್ತಕದ 18ನೇ ಅಧ್ಯಾಯ ತೆಗೆದು ನೋಡಿ. ದೇವದೂತನ ಕಥೆ ಬರುವ ಮುಂಚೆ ಅಲ್ಲಿ ಇನ್ನೊಂದು ಮಾತಿದೆ. ಯೆಹೂದದ ಅರಸ ಹಿಜ್ಕೀಯ ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ ಹೇಳಿ ಕಳಿಸುತ್ತಾನೆ: ನನ್ನದು ತಪ್ಪಾಯಿತು, ವಾಪಸ್ ಹೋಗು, ನೀನು ಏನು ಹೊರಿಸಿದರೂ ಹೊರುತ್ತೇನೆ ಅಂತ. ಆಮೇಲೆ ಅರಮನೆಯ ಬೊಕ್ಕಸ, ದೇವಾಲಯದ ಬೆಳ್ಳಿ ಎಲ್ಲಾ ಖಾಲಿ ಮಾಡಿ, ತಾನೇ ಹೊದಿಸಿದ್ದ ದೇವಾಲಯದ ಬಾಗಿಲಿನ ಚಿನ್ನವನ್ನೂ ಕೀಳಿಸಿ ಕೊಡುತ್ತಾನೆ. ಚಿನ್ನ 30 ತಲಾಂತು. ಒಂದು ತಲಾಂತು ಅಂದರೆ ಸುಮಾರು 30 ಕಿಲೋ, ಲೆಕ್ಕ ಹಾಕಿ. ಇದನ್ನು ಬಿಟ್ಟು ಕಥೆ ಹೇಳಿದರೆ ಓದುವವರಿಗೆ ಹಿಜ್ಕೀಯ ಏನನ್ನೂ ಕಳೆದುಕೊಳ್ಳದೆ ಗೆದ್ದ ಹಾಗೆ ಕಾಣುತ್ತದೆ.

ಸನ್ಹೇರೀಬನ ಕಡೆಯ ಲೆಕ್ಕವೂ ನಮಗೆ ಸಿಕ್ಕಿದೆ. ಆರು ಮುಖದ ಮಣ್ಣಿನ ಪಟ್ಟಕದ ಮೇಲೆ ಅವನ ದಂಡಯಾತ್ರೆಗಳನ್ನು ಬರೆಸಿದ್ದಾರೆ. ಅಂಥದ್ದೊಂದು 1830ರಲ್ಲಿ ನಿನೆವೆಯಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲೂ ಚಿನ್ನ 30 ತಲಾಂತೇ. ಬೆಳ್ಳಿ ಮಾತ್ರ ಬೈಬಲ್ 300 ಅಂದರೆ ಇದರಲ್ಲಿ 800. ಹಿಜ್ಕೀಯನ ಹೆಣ್ಣುಮಕ್ಕಳನ್ನೂ ಅಂತಃಪುರದ ಹೆಂಗಸರನ್ನೂ ಹಾಡುವವರನ್ನೂ ನಿನೆವೆಗೆ ಕಳಿಸಿಕೊಟ್ಟ ಅಂತಲೂ ಇದೆ. ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಜೆರುಸಲೇಮಿನಲ್ಲಿ ಕೂಡಿಹಾಕಿದೆ ಅನ್ನುವ ಪ್ರಸಿದ್ಧ ಮಾತು ಬರುವುದೂ ಇಲ್ಲೇ. ಊರನ್ನು ಹಿಡಿದೆ ಅಂತ ಅವನು ಎಲ್ಲೂ ಹೇಳುವುದಿಲ್ಲ. ಹಿಡಿದಿದ್ದರೆ ಬರೆಸದೆ ಬಿಡುವ ದೊರೆ ಅಲ್ಲ ಅವನು. ಹಾಗಾಗಿ ಜೆರುಸಲೇಮ್ ಉಳಿಯಿತು ಅನ್ನುವುದರಲ್ಲಿ ಎರಡೂ ಕಡೆಯವರಿಗೆ ಜಗಳವಿಲ್ಲ. ಆದರೆ ಅದಕ್ಕಿಂತ ಮುಂಚಿನ ಸಾಲು ನೋಡಿ: ಗೋಡೆ ಕಟ್ಟಿದ 46 ಊರುಗಳನ್ನೂ ಸುತ್ತಲಿನ ಲೆಕ್ಕವಿಲ್ಲದಷ್ಟು ಹಳ್ಳಿಗಳನ್ನೂ ಹಿಡಿದೆ, 2,00,150 ಜನರನ್ನು ಹೊರಗೆ ತಂದೆ. ಅಷ್ಟು ಸಣ್ಣ ದೇಶಕ್ಕೆ ಈ ಸಂಖ್ಯೆ ತೀರಾ ಜಾಸ್ತಿ, ದೊಡ್ಡಸ್ತಿಕೆಗೆ ಹೇಳಿದ್ದಿರಬೇಕು. ಅರ್ಧಕ್ಕರ್ಧ ಕಳೆದರೂ, ಅದರಲ್ಲೂ ಅರ್ಧ ಕಳೆದರೂ, ಉಳಿಯುವುದು ಸಣ್ಣ ಸಂಖ್ಯೆಯಲ್ಲ ಅಲ್ವಾ?

ಆ 46 ಊರುಗಳ ಹೆಸರು ಪಟ್ಟಕದಲ್ಲಿಲ್ಲ. ಲಾಕೀಷಿನ ಹೆಸರೂ ಅದರಲ್ಲಿ ಬರುವುದಿಲ್ಲ. ಅದು ಇರುವುದು ಅರಮನೆಯ ಗೋಡೆಯ ಮೇಲೆ. ನಿನೆವೆಯಲ್ಲಿ ಸನ್ಹೇರೀಬ ಕಟ್ಟಿಸಿದ ಅರಮನೆಯ ಒಂದು ಕೋಣೆಗೆ ಸುತ್ತಲೂ ಲಾಕೀಷಿನ ಮುತ್ತಿಗೆಯನ್ನೇ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಸುಮಾರು 1850ರ ಹೊತ್ತಿಗೆ ಇಂಗ್ಲಿಷ್ ಪುರಾತತ್ವಜ್ಞ ಲೇಯಾರ್ಡ್ ಅದನ್ನು ಅಗೆದು ತೆಗೆಸಿದ. ಆ ಕಲ್ಲುಗಳೂ ಈಗ ಲಂಡನ್ನಿನಲ್ಲೇ ಇವೆ. ದಯವಿಟ್ಟು ಒಂದು ಸಲ ಅವುಗಳ ಫೋಟೋ ನಿಧಾನವಾಗಿ ನೋಡಿ. ಕೋಟೆಗೆ ತಾಗಿಸಿ ಇಳಿಜಾರು ದಿಬ್ಬ ಹಾಕಿದ್ದಾರೆ. ಅದರ ಮೇಲೆ ಗೋಡೆ ಒಡೆಯುವ ಯಂತ್ರಗಳು ಗಾಲಿಯ ಮೇಲೆ ಹತ್ತುತ್ತಿವೆ. ಮೇಲಿನಿಂದ ಊರಿನವರು ಕಲ್ಲು, ಉರಿಯುವ ಕೊಳ್ಳಿ ಎಸೆಯುತ್ತಿದ್ದಾರೆ. ಯಂತ್ರಕ್ಕೆ ಬೆಂಕಿ ಹತ್ತಬಾರದು ಅಂತ ಅದರೊಳಗಿನ ಸೈನಿಕನೊಬ್ಬ ಉದ್ದ ಹಿಡಿಯ ಸೌಟಿನಲ್ಲಿ ನೀರು ಸುರಿಯುತ್ತಿದ್ದಾನೆ. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಅದೇ ಚಿತ್ರದಲ್ಲಿ ಊರಿನ ಬಾಗಿಲಿನಿಂದ ಜನ ಗಂಟುಮೂಟೆ ಹೊತ್ತು ಹೊರಗೆ ಬರುತ್ತಿದ್ದಾರೆ. ಮೂರು ಜನರನ್ನು ಶೂಲಕ್ಕೆ ಏರಿಸಿದ್ದಾರೆ. ಇಬ್ಬರನ್ನು ನೆಲದ ಮೇಲೆ ಚಾಚಿ ಮಲಗಿಸಿ ಚರ್ಮ ಸುಲಿಯುತ್ತಿದ್ದಾರೆ. ಅದರ ಹತ್ತಿರದಲ್ಲೇ ಎತ್ತಿನ ಗಾಡಿ, ಗಾಡಿಯಲ್ಲಿ ಸಾಮಾನು, ಸಾಮಾನಿನ ಮೇಲೆ ಹೆಂಗಸರು ಮಕ್ಕಳು. ಹೆಂಗಸರು ತಲೆ ಮೇಲಿಂದ ಕಾಲವರೆಗೆ ಉದ್ದನೆಯ ವಸ್ತ್ರ ಹೊದ್ದಿದ್ದಾರೆ. ಈ ಸಾಲು ಹೋಗಿ ಮುಟ್ಟುವುದು ಎತ್ತರದ ಸಿಂಹಾಸನದಲ್ಲಿ ಕೂತ ದೊರೆಯ ಮುಂದೆ. ಜಗತ್ತಿನ ಅರಸ, ಅಸ್ಸೀರಿಯಾದ ಅರಸ ಸನ್ಹೇರೀಬ ಸಿಂಹಾಸನದಲ್ಲಿ ಕೂತು ಲಾಕೀಷಿನ ಕೊಳ್ಳೆಯನ್ನು ನೋಡಿದ ಅಂತ ಪಕ್ಕದಲ್ಲಿ ಬರೆದಿದೆ. ದೊರೆಯ ಮುಖವನ್ನು ಯಾರೋ ಬೇಕಂತಲೇ ಜಜ್ಜಿ ಹಾಕಿದ್ದಾರೆ. ಕ್ರಿ.ಪೂ. 612ರಲ್ಲಿ ಬ್ಯಾಬಿಲೋನಿನವರೂ ಮೇದ್ಯರೂ ಸೇರಿ ನಿನೆವೆಯನ್ನು ಹಾಳು ಮಾಡಿದಾಗ ಆಗಿದ್ದಿರಬೇಕು.

ಇದನ್ನೆಲ್ಲ ಸುಮ್ನೆ ಕೆತ್ತಿದ್ದು ಅಂತಲೂ ಹೇಳುವ ಹಾಗಿಲ್ಲ. ಇವತ್ತು ಇಸ್ರೇಲಿನಲ್ಲಿರುವ ಲಾಕೀಷಿನ ದಿಣ್ಣೆಯನ್ನು 1930ರ ದಶಕದಲ್ಲಿ ಸ್ಟಾರ್ಕಿ, 1970-80ರ ದಶಕಗಳಲ್ಲಿ ಉಸ್ಸಿಷ್ಕಿನ್ ಅನ್ನುವ ಪುರಾತತ್ವಜ್ಞರು ಅಗೆದಿದ್ದಾರೆ. ಊರಿನ ನೈಋತ್ಯ ಮೂಲೆಯಲ್ಲಿ ಅಸ್ಸೀರಿಯಾದವರು ಕಲ್ಲು ಸುರಿದು ಹಾಕಿದ ದಿಬ್ಬ ಇನ್ನೂ ಇದೆ. ಸಾವಿರಾರು ಟನ್ ಕಲ್ಲು ಅದು. ಗೋಡೆಯ ಒಳಬದಿಯಲ್ಲಿ ಊರಿನವರು ಅವಸರದಲ್ಲಿ ಎದುರು ದಿಬ್ಬ ಹಾಕಿಕೊಂಡಿದ್ದು ಸಿಕ್ಕಿದೆ. ಗೋಡೆ ಬಿದ್ದರೂ ಇನ್ನೊಂದು ಅಡ್ಡ ಇರಲಿ ಅಂತ. ನೂರಾರು ಬಾಣದ ಮೊನೆಗಳು, ಕವಣೆ ಕಲ್ಲುಗಳು, ಒಂದು ಕಬ್ಬಿಣದ ಸರಪಳಿಯ ತುಂಡು ಸಿಕ್ಕಿವೆ. ಯಂತ್ರದ ತೊಲೆಯನ್ನು ಮೇಲಿನಿಂದ ಸಿಕ್ಕಿಸಿ ಎಳೆಯಲು ಇಳಿಬಿಟ್ಟ ಸರಪಳಿ ಇರಬೇಕು ಅನ್ನುತ್ತಾರೆ. ರಾಜಮುದ್ರೆ ಒತ್ತಿದ ದೊಡ್ಡ ಜಾಡಿಗಳ ಹಿಡಿಗಳೂ ಇಲ್ಲಿ ನೂರಾರು ಸಿಕ್ಕಿವೆ. ಅಂದರೆ ಹಿಜ್ಕೀಯ ತಯಾರಿ ಮಾಡಿಕೊಂಡೇ ಕೂತಿದ್ದ. ಊರಿನ ಜನ ಬಾಗಿಲು ತೆರೆದು ಶರಣಾಗಲಿಲ್ಲ, ಕೊನೆವರೆಗೂ ಹೊಡೆದಾಡಿದರು. ಇವರ ಬಗ್ಗೆ ಒಂದು ಸಾಲು ಬೇಡವೇ?

ಇನ್ನು ಅಸ್ಸೀರಿಯಾದವರು ಎಲ್ಲಿಂದಲೋ ಬಿರುಗಾಳಿಯ ಹಾಗೆ ಏಕಾಏಕಿ ಬಂದರು ಅಂತ ಲೇಖನ ಓದಿದರೆ ಅನಿಸುತ್ತದೆ. ಅಷ್ಟು ಹೊತ್ತಿಗೆ ಅಸ್ಸೀರಿಯಾಕ್ಕೂ ಈ ಕಡೆಯ ರಾಜ್ಯಗಳಿಗೂ ನಡುವಿನ ವ್ಯವಹಾರಕ್ಕೆ 150 ವರ್ಷ ಆಗಿತ್ತು. ಕ್ರಿ.ಪೂ. 853ರಲ್ಲಿ ಕರ್ಕಾರ್ ಅನ್ನುವಲ್ಲಿ ಅಸ್ಸೀರಿಯಾದ ಮೂರನೇ ಶಲ್ಮನೆಸೆರನನ್ನು ಎದುರಿಸಿದ ಒಕ್ಕೂಟದಲ್ಲಿ, ಯೆಹೂದದ ಉತ್ತರಕ್ಕಿದ್ದ ಇಸ್ರೇಲ್ ರಾಜ್ಯದ ಅರಸ ಅಹಾಬನಿದ್ದ. ಅವನ ಕಡೆ 2,000 ರಥ, 10,000 ಕಾಲಾಳು ಅಂತ ಬರೆಸಿದ್ದು ಅಸ್ಸೀರಿಯಾದ ದೊರೆಯೇ. ಬೈಬಲ್‌ನಲ್ಲಿ ಆ ಯುದ್ಧದ ಸುದ್ದಿಯೇ ಇಲ್ಲ. ಕ್ರಿ.ಪೂ. 841ರಲ್ಲಿ ಇಸ್ರೇಲಿನ ಯೇಹು ಅದೇ ಶಲ್ಮನೆಸೆರನಿಗೆ ಕಪ್ಪ ಒಪ್ಪಿಸಿದ, ಆ ದೊರೆಯ ಕಾಲಿಗೆ ಬಿದ್ದವನ ಚಿತ್ರ ಕಪ್ಪು ಕಲ್ಲಿನ ಕಂಬದ ಮೇಲೆ ಇದೆ. ಆಮೇಲೆ ಇಸ್ರೇಲಿನ ಇನ್ನೊಬ್ಬ ಅರಸ ಮೆನಹೇಮ ಶ್ರೀಮಂತರ ತಲೆಗೆ 50 ಶೆಕೆಲ್ ಬೆಳ್ಳಿ ಹಾಕಿ ಎತ್ತಿ ಅಸ್ಸೀರಿಯಾದ ದೊರೆ ತಿಗ್ಲತ್ಪಿಲೆಸೆರನಿಗೆ ಕೊಟ್ಟ. ಇನ್ನು ಹಿಜ್ಕೀಯನ ಅಪ್ಪ ಆಹಾಜ, ಇಸ್ರೇಲೂ ದಮಸ್ಕವೂ ಸೇರಿ ತನ್ನ ಮೇಲೆ ಬಂದಾಗ, ನಾನು ನಿನ್ನ ದಾಸ, ನಿನ್ನ ಮಗ, ಬಂದು ಕಾಪಾಡು ಅಂತ ಅದೇ ತಿಗ್ಲತ್ಪಿಲೆಸೆರನನ್ನು ಕಾಣಿಕೆ ಕಳಿಸಿ ಕರೆಸಿಕೊಂಡ. ಪಕ್ಕದವನನ್ನು ಬಡಿಯಲು ದೊಡ್ಡವನನ್ನು ಕರೆದು ಕೂರಿಸಿಕೊಂಡ ಮೇಲೆ ಅವನು ಏಳುತ್ತಾನೆಯೇ? ದಮಸ್ಕ ಬಿತ್ತು. ಇಸ್ರೇಲಿನ ಗಲಿಲಾಯ ಸೀಮೆ ಹೋಯಿತು. ಸುಮಾರು ಕ್ರಿ.ಪೂ. 722ರಲ್ಲಿ ಅದರ ರಾಜಧಾನಿ ಸಮಾರ್ಯವೂ ಬಿದ್ದು ಇಸ್ರೇಲ್ ರಾಜ್ಯವೇ ಮುಗಿಯಿತು. ಅಲ್ಲಿಂದ 27,290 ಜನರನ್ನು ಸಾಗಿಸಿದೆ ಅಂತ ಸನ್ಹೇರೀಬನ ಅಪ್ಪ, ಅಸ್ಸೀರಿಯಾದ ದೊರೆ ಎರಡನೇ ಸರ್ಗೋನ ಬರೆಸಿಕೊಂಡಿದ್ದಾನೆ. ಅವರೆಲ್ಲ ಗಾಳಿಯಲ್ಲಿ ಕರಗಿ ಹೋದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಆದರೆ ಸಮಾರ್ಯದ ರಥಿಕರ ಒಂದು ತುಕಡಿಯೇ ಅಸ್ಸೀರಿಯಾದ ಸೈನ್ಯದಲ್ಲಿ ಇದ್ದಿದ್ದು, ಅದರ ಮುಖ್ಯಸ್ಥರ ಹೆಸರುಗಳ ಸಮೇತ, ಅಸ್ಸೀರಿಯಾದ ಇನ್ನೊಂದು ಊರು ನಿಮ್ರೂದಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿದೆ.

ಹಿಜ್ಕೀಯನಿಗೆ ಇದೆಲ್ಲ ಗೊತ್ತಿತ್ತು. ಸಮಾರ್ಯ ಬಿದ್ದು 20 ವರ್ಷವೂ ಆಗಿರಲಿಲ್ಲ. ಆದರೂ ಕ್ರಿ.ಪೂ. 705ರಲ್ಲಿ ಸರ್ಗೋನ ಯುದ್ಧದಲ್ಲಿ ಸತ್ತು ಅವನ ಹೆಣವೂ ಸಿಗದೆ ಹೋದಾಗ, ಇದೇ ಸಮಯ ಅಂತ ಕಪ್ಪ ನಿಲ್ಲಿಸಿದ. ಅಸ್ಸೀರಿಯಾಕ್ಕೆ ನಿಷ್ಠನಾಗಿದ್ದ, ಪಕ್ಕದ ಎಕ್ರೋನ್ ಪಟ್ಟಣದ ಅರಸ ಪಾದಿಯನ್ನು ಅವನ ಜನರೇ ಬೇಡಿ ಹಾಕಿ ತಂದು ಒಪ್ಪಿಸಿದಾಗ ಜೆರುಸಲೇಮಿನಲ್ಲಿ ಸೆರೆಯಲ್ಲಿಟ್ಟುಕೊಂಡ. ಈಜಿಪ್ಟಿನ ಕಡೆಯಿಂದ ಸಹಾಯ ಬರುತ್ತದೆ ಅನ್ನುವ ನಂಬಿಕೆ ಇತ್ತು. ಅದು ಬಂತು ಕೂಡ, ಎಲ್ತೆಕೇ ಹತ್ತಿರ ಸನ್ಹೇರೀಬ ಅದನ್ನು ಸೋಲಿಸಿದ. ಹಿಜ್ಕೀಯ ಮಾಡಿದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು. ನನಗೆ ಅನಿಸುವುದು, ರಾಜಧಾನಿಯಲ್ಲಿ ಕೂತು ತೆಗೆದುಕೊಂಡ ನಿರ್ಧಾರಕ್ಕೆ ಬೆಲೆ ತೆತ್ತವರು ಲಾಕೀಷಿನಂಥ ಊರಿನವರು. ದೇವರು ಕಾಪಾಡಿದ ಅಂತ ಜೆರುಸಲೇಮಿನವರು ಹಾಡು ಕಟ್ಟಿ ಹಾಡಬಹುದಿತ್ತು. ಎತ್ತಿನ ಗಾಡಿಯಲ್ಲಿ ಕೂತು ನಿನೆವೆಯ ದಾರಿ ಹಿಡಿದವರು ಏನು ಹಾಡಬೇಕಿತ್ತು?

ಈ ಸಂಕಟ ಬೈಬಲ್‌ನಲ್ಲೇ ಇಲ್ಲದಿದ್ದರೆ ಬೇರೆ ಮಾತು. ಪ್ರವಾದಿ ಮೀಕ ಲಾಕೀಷಿನ ಸುತ್ತಮುತ್ತಲಿನ ಸೀಮೆಯವನು. ಅವನ ಪುಸ್ತಕದ ಮೊದಲನೇ ಅಧ್ಯಾಯದಲ್ಲಿ ಆ ಕಡೆಯ ಊರುಗಳ ಹೆಸರು ಹಿಡಿದು ಒಂದೊಂದಾಗಿ ಗೋಳಾಡುತ್ತಾನೆ, ಲಾಕೀಷೂ ಅದರಲ್ಲಿದೆ. ಕೊನೆಗೆ, ನಿನ್ನ ಮುದ್ದಿನ ಮಕ್ಕಳು ಸೆರೆಹೋದರು, ತಲೆ ಬೋಳಿಸಿಕೋ ಅನ್ನುತ್ತಾನೆ. ಇನ್ನೊಬ್ಬ ಪ್ರವಾದಿ ಯೆಶಾಯ ಜೆರುಸಲೇಮಿನಲ್ಲಿ ಅರಸನ ಪಕ್ಕದಲ್ಲಿದ್ದವನು, ಅವನ ಮಾತು ಎಲ್ಲರಿಗೂ ಗೊತ್ತು. ಹಳ್ಳಿ ಕಡೆಯ ಮೀಕನನ್ನು ಇಂಥ ಲೇಖನಗಳಲ್ಲಿ ಯಾರೂ ನೆನೆಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಸನ್ಹೇರೀಬ ವಾಪಸ್ ಹೋದ ಕೂಡಲೇ ಮಕ್ಕಳು ಕೊಂದರು ಅನ್ನುವ ಹಾಗೆ ಲೇಖನದಲ್ಲಿ ಬಂದಿದೆ. ಕೊಂದಿದ್ದು ನಿಜ, ಆದರೆ ಅದು ಆಗಿದ್ದು ಕ್ರಿ.ಪೂ. 681ರಲ್ಲಿ, 20 ವರ್ಷ ಆದ ಮೇಲೆ. ಅಷ್ಟೂ ವರ್ಷ ಅವನು ರಾಜ್ಯಭಾರ ಮಾಡಿದ, ಬ್ಯಾಬಿಲೋನನ್ನೇ ಹಾಳುಗೆಡವಿದ, ಲಾಕೀಷಿನ ಚಿತ್ರವನ್ನು ಗೋಡೆಗೆ ಕೆತ್ತಿಸಿ ಬಂದವರಿಗೆ ತೋರಿಸಿದ. ಅವನ ನಂತರ ಪಟ್ಟಕ್ಕೆ ಬಂದ ಎಸರ್‌ಹದ್ದೋನ ನಿನೆವೆಯಲ್ಲಿ ಕಟ್ಟಡಕ್ಕೆ ಮರಮುಟ್ಟು, ಕಲ್ಲು ತರಿಸಿದ ಅರಸರ ಪಟ್ಟಿ ಬರೆಸಿದ್ದಾನೆ. ಅದರಲ್ಲಿ ಯೆಹೂದದ ಮನಸ್ಸೆಯ ಹೆಸರಿದೆ. ಈ ಮನಸ್ಸೆ ಬೇರಾರೂ ಅಲ್ಲ, ಹಿಜ್ಕೀಯನ ಮಗ. ಬೈಬಲ್ ಅವನನ್ನು ಕೆಟ್ಟ ಅರಸರ ಸಾಲಿನಲ್ಲಿ ಮೊದಲು ನಿಲ್ಲಿಸುತ್ತದೆ, 55 ವರ್ಷ ಆಳಿದ ಅಂತಲೂ ಹೇಳುತ್ತದೆ. ಆ ಕಾಲದಲ್ಲಿ ಕಪ್ಪ ಹೋಗುತ್ತಿತ್ತು, ಆದರೆ ಲಾಕೀಷಿನ ಮೇಲೆ ಇನ್ನೊಂದು ದಿಬ್ಬ ಏಳಲಿಲ್ಲ.

ಲೇಖಕರು ಇದರ ಮುಂದಿನ ಕಂತು ಬರೆಯುವುದಾದರೆ ಮನಸ್ಸೆಯ ಬಗ್ಗೆ ಬರೆಯಲಿ, ಆ ಕಾಲದ ಯೆಹೂದದ ಹಳ್ಳಿಗಳು ಹೇಗೆ ಚೇತರಿಸಿಕೊಂಡವು ಅನ್ನುವುದೂ ಅದರಲ್ಲಿ ಬರಲಿ. ಜೊತೆಗೆ ಲಾಕೀಷಿನ ಆ ಕೆತ್ತನೆಯ ಒಂದು ಫೋಟೋ ಹಾಕಿ. ಕಳೆದ ಸಲ ಹಾಕಿದ್ದ ರೆಕ್ಕೆಯ ಗೂಳಿಯ ಚಿತ್ರದಷ್ಟೇ ದೊಡ್ಡದಾಗಿ ಹಾಕಿದರೆ ಗಾಡಿಯಲ್ಲಿ ಕೂತ ಮಕ್ಕಳೂ ಕಾಣುತ್ತಾರೆ.

ವಂದನೆಗಳೊಂದಿಗೆ,
ನಿಮ್ಮ ಓದುಗ, ಮಂಗಳೂರು