ಬೇಲಿ ಇದೆಯಾ ಅಂತ ಮೊದಲು ಕೇಳಿ

ಮಾನ್ಯರೇ,

ದಕ್ಷಿಣ ಆಫ್ರಿಕಾದ ಕೆಲವು ಫಾರಂಗಳಲ್ಲಿ ಸಾಕಿದ ಸಿಂಹವನ್ನೇ ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟವರಿಂದ ಗುಂಡು ಹೊಡೆಸುತ್ತಾರೆ. ಅದೆಂಥ ಬೇಟೆ?

ಪಕ್ಕದ ನಮೀಬಿಯಾದ ಕುನೇನೆ ಕಡೆ ರೀತಿಯೇ ಬೇರೆ. 1996ರ ಕಾಯ್ದೆಯಿಂದ ಅಲ್ಲಿನ ಹಳ್ಳಿಗರ ಸಂರಕ್ಷಣಾ ಕೂಟಗಳಿಗೆ ವನ್ಯಜೀವಿಗಳ ಮೇಲೆ ಹಕ್ಕು ಸಿಕ್ಕಿದೆ. ಬಯಲಿಗೆ ಬೇಲಿ ಇಲ್ಲ. ಹೆಜ್ಜೆ ಜಾಡು ಹಿಡಿದು ಬಿಸಿಲಲ್ಲಿ ನಡೆಯಬೇಕು. ಗಾಳಿ ಸ್ವಲ್ಪ ತಿರುಗಿತೋ, ಕುಡು (ಅಲ್ಲಿನ ದೊಡ್ಡ ಹುಲ್ಲೆ) ವಾಸನೆ ಹಿಡಿದು ಪರಾರಿ! ಬರಿಗೈಲಿ ವಾಪಸಾಗುವುದೂ ಉಂಟು. ಹೊಡೆದರೆ ಮಾಂಸ ಊರಿನವರಿಗೆ, ಶುಲ್ಕದ ಹಣದಲ್ಲಿ ಕಾವಲುಗಾರರ ಸಂಬಳ. ಎಷ್ಟು ಪ್ರಾಣಿ ಅನ್ನೋದಕ್ಕೆ ಸರ್ಕಾರದ ಮಿತಿಯೂ ಇದೆ.

ಬೇಟೆಯನ್ನೇ ನಿಷೇಧಿಸಿದ ದೇಶದವರು ನಾವು, ಇದು ಇಷ್ಟವಾಗಬೇಕಿಲ್ಲ. (ನನಗೂ ಕೋವಿ ಹಿಡಿಯೋ ಆಸೆ ಇಲ್ಲ.) ಆದರೆ ಅಲ್ಲಿಗೆ ಬೇಟೆಗೇ ಹೋಗುವವರು ಮುಂಗಡ ಕಟ್ಟುವ ಮುಂಚೆ ಬೇಲಿಯ ವಿಷಯ ವಿಚಾರಿಸಲಿ.

– ಓದುಗ, ಮೈಸೂರು