ಕಾರಣ ಹೇಳದ ದಂಡ, ಲೆಕ್ಕ ತೋರಿಸದ ಚಾರ್ಟು: ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಪತ್ರ ಕನ್ನಡದಲ್ಲಿದೆ. ದೂರನ್ನು ನಮ್ಮ ಭಾಷೆಯಲ್ಲೇ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ, ಅದು ನಿಮಗೆ ಗೊತ್ತಿರೋದೇ. ವಾರ್ತಾ ಮತ್ತು ಪ್ರಸಾರ ಇಲಾಖೆಯೂ ನಿಮ್ಮದೇ, ಮಾಹಿತಿ ತಂತ್ರಜ್ಞಾನ (ಐಟಿ) ಇಲಾಖೆಯೂ ನಿಮ್ಮದೇ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ಜಾತ್ರೆಯಲ್ಲಿ ಜನ ಜಾಸ್ತಿ ಕೇಳಿದ ನಮ್ಮ ಒಂದು ಹಾಡನ್ನು ಮ್ಯೂಸಿಕ್ ಆ್ಯಪ್‌ನಿಂದ ತೆಗೆದು ದಂಡ ಹಾಕಿದ್ದಾರೆ, ಅದರ ದೂರು ಇದು. ಇಷ್ಟು ದಿನ ಬರೆಯದೆ ಸುಮ್ಮನಿದ್ದದ್ದೇ ಜಾಸ್ತಿ ಆಯಿತು.

ನನ್ನದು ಹುಬ್ಬಳ್ಳಿ ಕಡೆಯ ಒಂದು ಸಣ್ಣ ಆಡಿಯೋ ಕಂಪನಿ. ಕ್ಯಾಸೆಟ್ ಕಾಲದಿಂದ ಇದೇ ಕೆಲಸ. ತತ್ವಪದ, ಗೀಗೀ ಪದ, ಹಂತಿ ಪದ, ಡೊಳ್ಳಿನ ಪದ, ಭಜನಾ ಪದ. ಸಿನಿಮಾ ಹಾಡು ಒಂದೂ ಇಲ್ಲ. ಕ್ಯಾಸೆಟ್ ಹೋಯಿತು, ಸಿಡಿ ಬಂತು. ಸಿಡಿ ಹೋಯಿತು, ಜಾತ್ರೆಯ ಅಂಗಡಿಗಳಲ್ಲಿ ಮೊಬೈಲ್ ಚಿಪ್‌ಗೆ ಹಾಡು ತುಂಬಿಸಿ ಕೊಡೋದು ಶುರುವಾಯಿತು. ಆ ಹಾಡುಗಳಲ್ಲಿ ಅರ್ಧ ನಮ್ಮವೇ, ಬಂದ ದುಡ್ಡು ಮಾತ್ರ ಸೊನ್ನೆ. ಅದನ್ನೂ ತಡೆದುಕೊಂಡೆವು. ಈಗ ಎಲ್ಲಾ ಆ್ಯಪ್‌ನಲ್ಲಿದೆ, ಪ್ರತಿ ಕೇಳುವಿಕೆಗೂ ಲೆಕ್ಕ ಇದೆ, ಇನ್ನು ಮೋಸ ಆಗಲ್ಲ ಅಂತ ಎಲ್ಲರೂ ಹೇಳಿದರು. ಲೆಕ್ಕ ಇದೆ ನಿಜ. ಅದನ್ನು ನಮಗೆ ಯಾರೂ ತೋರಿಸಲ್ಲ, ಅಷ್ಟೇ.

ಏನಾಯಿತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ನಮ್ಮಲ್ಲಿ ಒಬ್ಬ ಹಿರಿಯ ಹಾಡುಗಾರ್ತಿ ಇದ್ದಾರೆ. ಹೆಸರು ಬೇಡ. ಚೌಡಿಕೆ ಅನ್ನೋ ತಂತಿ ವಾದ್ಯ ಹಿಡಿದು ಚೌಡಿಕೆ ಪದ ಹಾಡುವವರು, ಸವದತ್ತಿ ಎಲ್ಲಮ್ಮನ ಮೇಲಿನ ಪದ. ಓದು ಬರಹ ಇಲ್ಲ, ಆದರೆ ರಾತ್ರಿ ಇಡೀ ಹಾಡಿದರೂ ಒಂದು ಸೊಲ್ಲು ತಪ್ಪಲ್ಲ. ಅವರ ಒಂದು ಪದ ರೆಕಾರ್ಡ್ ಮಾಡಿ ಡಿಸ್ಟ್ರಿಬ್ಯೂಟರ್ (ನಮ್ಮ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಮಧ್ಯವರ್ತಿ ಕಂಪನಿ) ಮೂಲಕ ಆ್ಯಪ್‌ಗಳಿಗೆ ಹಾಕಿದೆವು. ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ. ಆಮೇಲೆ ಭರತ ಹುಣ್ಣಿಮೆ ಬಂತು.

ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೇಗೆ ಜನ ಬರುತ್ತಾರೆ ಅಂತ ನೀವು ನೋಡಿರಲಿಕ್ಕಿಲ್ಲ. ಟ್ರ್ಯಾಕ್ಟರ್, ಟಂಟಂ, ಲಾರಿ, ಚಕ್ಕಡಿ. ಪ್ರತಿ ಗಾಡಿಯಲ್ಲೂ ಸ್ಪೀಕರ್. ಒಬ್ಬ ಹುಡುಗ ಮೊಬೈಲ್‌ನಿಂದ ಹಾಡು ಹಾಕಿದರೆ ಊರಿಂದ ಗುಡ್ಡದವರೆಗೆ ಅದೇ ಹಾಡು. ಮುಗಿದರೆ ಮತ್ತೆ ಅದೇ. ನಮ್ಮ ಪದ ಹಾಗೆ ಹಿಡಿಯಿತು. ಒಂದು ಆ್ಯಪ್‌ನ ಕನ್ನಡ ಚಾರ್ಟ್‌ನಲ್ಲಿ, ಅಂದರೆ ಹೆಚ್ಚು ಕೇಳುವ ಹಾಡುಗಳ ಪಟ್ಟಿಯಲ್ಲಿ, ಅದು ಕಾಣಿಸಿಕೊಂಡಿತು, ದೊಡ್ಡ ದೊಡ್ಡ ಸಿನಿಮಾ ಹಾಡುಗಳ ನಡುವೆ. ಆಯಮ್ಮನ ಮೊಮ್ಮಗ ಅದರ ಸ್ಕ್ರೀನ್‌ಶಾಟ್ ತೆಗೆದು ಊರಿಗೆಲ್ಲ ಕಳಿಸಿದ.

ಮರುದಿನ ಬೆಳಿಗ್ಗೆ ಹಾಡು ಚಾರ್ಟ್‌ನಲ್ಲಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ್ಯಪ್‌ನಲ್ಲೇ ಇರಲಿಲ್ಲ.

ಡಿಸ್ಟ್ರಿಬ್ಯೂಟರ್‌ನಿಂದ ಇಂಗ್ಲಿಷ್‌ನಲ್ಲಿ ಒಂದು ಮೇಲ್ ಬಂತು. ನಿಮ್ಮ ಹಾಡಿಗೆ ಕೃತಕ ಸ್ಟ್ರೀಮ್‌ಗಳು (ಲೆಕ್ಕ ಹೆಚ್ಚಿಸಲು ಮಾಡಿಸಿದ ಸುಳ್ಳು ಕೇಳುವಿಕೆ) ಬಂದಿವೆ, ಒಂದೇ ಹಾಡು ಒಂದೇ ಜಾಗದಿಂದ ಮತ್ತೆ ಮತ್ತೆ ಕೇಳಲಾಗಿದೆ, ಹಾಡನ್ನು ತೆಗೆಯಲಾಗಿದೆ, ದಂಡವನ್ನು ನಿಮ್ಮ ಖಾತೆಯಿಂದ ಕಡಿಯಲಾಗಿದೆ. ಕೆಳಗೆ ಹೆಸರಿಲ್ಲ. ಉತ್ತರಿಸಬೇಡಿ ಅನ್ನೋ ಸೂಚನೆ ಮಾತ್ರ ಇದೆ.

ಸ್ವಾಮಿ, ಜಾತ್ರೆ ಅಂದರೇನೇ ಒಂದೇ ಜಾಗದಿಂದ, ಒಂದೇ ಹಾಡು, ಮತ್ತೆ ಮತ್ತೆ! ಲಕ್ಷಗಟ್ಟಲೆ ಜನ ಒಂದೇ ಗುಡ್ಡದ ಮೇಲೆ ಸೇರಿದ್ದು ಕೃತಕವಂತೆ. ಎಲ್ಲಮ್ಮ ತಾಯಿಯೇ ಬಂದು ಸಾಕ್ಷಿ ಹೇಳಬೇಕೇನೋ.

ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆದೆ. ನೀವು ನಮ್ಮ ಬಳಕೆದಾರರಲ್ಲ, ನಿಮ್ಮ ಡಿಸ್ಟ್ರಿಬ್ಯೂಟರನ್ನು ಕೇಳಿ ಅಂದರು. ಡಿಸ್ಟ್ರಿಬ್ಯೂಟರನ್ನು ಕೇಳಿದೆ. ಅದು ಆ್ಯಪ್‌ನ ತೀರ್ಮಾನ, ನಮ್ಮ ಕೈಯಲ್ಲಿಲ್ಲ ಅಂದರು. ರಾಜ್ಯದ ಒಂದು ಇಲಾಖೆಗೆ ಹೋದೆ. ಇದು ಕೇಂದ್ರಕ್ಕೆ ಬರುತ್ತದೆ ಅಂದರು, ಚಹಾ ಕೊಟ್ಟು ಕಳಿಸಿದರು. ಚಹಾ ಚೆನ್ನಾಗಿತ್ತು. ಎಷ್ಟು ಮೇಲ್ ಹಾಕಿದೆ ಅಂತ ಲೆಕ್ಕ ಇಟ್ಟಿಲ್ಲ. ಹಬ್ಬ ಮುಗಿಯಿತು, ಗುಡ್ಡ ಖಾಲಿಯಾಯಿತು, ಹಾಡು ಕೇಳುವ ಹೊತ್ತೂ ಹೋಯಿತು. ಆಯಮ್ಮನಿಗೆ ಏನು ಹೇಳಲಿ? "ಅವ್ವಾ, ನೀನು ಹಾಡಿದ್ದನ್ನ ಜನ ಜಾಸ್ತಿ ಕೇಳಿಬಿಟ್ಟರು, ಅದಕ್ಕೇ ದಂಡ ಹಾಕ್ಯಾರ" ಅಂದೆ. ನಕ್ಕರು. ನನಗೆ ನಗು ಬರಲಿಲ್ಲ.

ಐಟಿ ನಿಯಮಗಳು ನಿಮ್ಮ ಇಲಾಖೆಯವೇ. 2021ರ ನಿಯಮದಂತೆ ದೂರು ಬಂದರೆ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, 15 ದಿನದಲ್ಲಿ (2026ರಿಂದ 7 ದಿನದಲ್ಲಿ) ಇತ್ಯರ್ಥ ಮಾಡಬೇಕು. ಒಪ್ಪಿಗೆ ಆಗದಿದ್ದರೆ ಮೇಲ್ಮನವಿಗೆ ಸಮಿತಿ ಇದೆ, 2023ರ ಜನವರಿಯಲ್ಲಿ ಮೂರು ಸಮಿತಿ ಮಾಡಿದಿರಿ. ಒಳ್ಳೆಯದೇ. ಆದರೆ ಹಾಡು ಮಾಡಿದವನು ಬಳಕೆದಾರನೇ ಅಲ್ಲ ಅಂದುಬಿಟ್ಟರೆ ಅವನು ಯಾವ ಬಾಗಿಲು ತಟ್ಟಬೇಕು? ಕೇಳುವವನಿಗೆ ದೂರು ಕೊಡುವ ಹಕ್ಕಿದೆ, ಹಾಡಿದವಳಿಗೆ ಇಲ್ಲ. ಹಾಡು ತೆಗೆಯುವ ಮುಂಚೆ ನಮ್ಮನ್ನು ಕೇಳಬೇಕು, ಲೆಕ್ಕ ತೋರಿಸಬೇಕು. ನಾನು ಕೇಳುತ್ತಿರೋದು ಇಷ್ಟೇ.

ಹಿಂದೆ ಆಕಾಶವಾಣಿ ಆಡಿಷನ್‌ನಲ್ಲಿ ನಮ್ಮ ಕಲಾವಿದರು ಎಷ್ಟೋ ಜನ ಫೇಲಾಗಿದ್ದಾರೆ. ಬೇಜಾರಾಗುತ್ತಿತ್ತು. ಆದರೆ ಒಂದು ಪತ್ರ ಬರುತ್ತಿತ್ತು, ಮುಂದೆ ಮತ್ತೆ ಅರ್ಜಿ ಹಾಕಬಹುದಿತ್ತು, ಹೋಗಿ ಮಾತಾಡಲು ಒಂದು ಕಟ್ಟಡ ಅಂತ ಇತ್ತು.

ಈಗ ದೊಡ್ಡವರ ಕಡೆ ನೋಡಿ. 2019ರ ಜುಲೈನಲ್ಲಿ ಒಂದು ಹಿಂದಿ ಹಾಡಿಗೆ ಯೂಟ್ಯೂಬ್‌ನಲ್ಲಿ 24 ಗಂಟೆಗೆ ಏಳೂವರೆ ಕೋಟಿ ವ್ಯೂಸ್ ಬಂತು, ವಿಶ್ವದಾಖಲೆ ಅಂತ ಪ್ರಚಾರ ಆಯಿತು. ಜಾಹೀರಾತಿಗೆ ದುಡ್ಡು ಕೊಟ್ಟು ತಂದ ವ್ಯೂಸ್ ಕೂಡ ಅದರಲ್ಲಿತ್ತು. ಅದು ಆಗಿನ ನಿಯಮಕ್ಕೆ ವಿರುದ್ಧವೂ ಆಗಿರಲಿಲ್ಲ. ದೊಡ್ಡ ಗಲಾಟೆ ಆದ ಮೇಲೆ, ಸೆಪ್ಟೆಂಬರ್‌ನಲ್ಲಿ, ಜಾಹೀರಾತಿನ ವ್ಯೂಸ್ ಮ್ಯೂಸಿಕ್ ಚಾರ್ಟ್‌ಗೆ ಲೆಕ್ಕಕ್ಕಿಲ್ಲ ಅಂತ ಯೂಟ್ಯೂಬ್ ನಿಯಮ ಬದಲಿಸಿತು. ಹಾಡು ಅಲ್ಲೇ ಉಳಿಯಿತು, ತೆಗೆಯಲಿಲ್ಲ. ದುಡ್ಡು ಕೊಟ್ಟು ತಂದರೆ ನಿಯಮ ಬದಲಾಗುತ್ತದೆ, ಟ್ರ್ಯಾಕ್ಟರ್ ಮೇಲೆ ಹಾಕಿದರೆ ಹಾಡೇ ಮಾಯವಾಗುತ್ತದೆ. ಸ್ಟಾರ್ ಸಿನಿಮಾದ ಹಾಡು ಬಂದ ದಿನ ಅಭಿಮಾನಿಗಳು ಗುಂಪು ಕಟ್ಟಿಕೊಂಡು ದಿನವಿಡೀ ಅದನ್ನೇ ಓಡಿಸುತ್ತಾರೆ. ಅದಕ್ಕೆ ಹೆಸರು ಟ್ರೆಂಡಿಂಗ್. ನಮ್ಮದಕ್ಕೆ ಹೆಸರು ಕೃತಕ.

ನಮ್ಮ ದೇಶದ ರೆಕಾರ್ಡ್ ಕಂಪನಿಗಳ ಸಂಘ 2021ರ ಜೂನ್‌ನಲ್ಲಿ ಒಂದು ಅಧಿಕೃತ ಚಾರ್ಟ್ ಶುರು ಮಾಡಿತು. ಟಾಪ್ 20. ನೋಡಿ ಖುಷಿಪಟ್ಟೆ. ಆಮೇಲೆ ತಿಳಿಯಿತು, ಅದು ವಿದೇಶಿ ಹಾಡುಗಳಿಗೆ ಮಾತ್ರ. ಭಾರತದ ಅಧಿಕೃತ ಚಾರ್ಟ್‌ನಲ್ಲಿ ಭಾರತದ ಹಾಡಿಗೆ ಜಾಗ ಇಲ್ಲ! ನಮ್ಮ ಹಾಡುಗಳ ಲೆಕ್ಕ ಒಂದೊಂದು ಆ್ಯಪ್‌ನ ಮರ್ಜಿಗೆ ಬಿಟ್ಟದ್ದು.

ಬೇರೆ ಕಡೆ ಎಲ್ಲಾ ಸರಿ ಇದೆ ಅಂತ ನಾನು ಹೇಳಲ್ಲ. ಬ್ರಿಟನ್‌ನ ಚಾರ್ಟ್‌ನಲ್ಲಿ 2018ರಿಂದ ಚಂದಾ ಕಟ್ಟಿದವರ 100 ಸ್ಟ್ರೀಮ್ ಒಂದು ಮಾರಾಟಕ್ಕೆ ಸಮ, ಪುಕ್ಕಟೆ ಕೇಳುವವರದ್ದಾದರೆ 600 ಬೇಕು. ಆ ಲೆಕ್ಕ ಇಲ್ಲಿಗೆ ಬಂದರೆ ಜಾಹೀರಾತು ಸಹಿಸಿಕೊಂಡು ಹಾಡು ಕೇಳುವ ನಮ್ಮ ಹಳ್ಳಿಯವರು ಆರರಲ್ಲಿ ಒಂದು ಪಾಲು ಮನುಷ್ಯರಾಗುತ್ತಾರೆ. ಆದರೂ ಅಲ್ಲಿ ಒಂದು ಒಳ್ಳೆಯದಿದೆ. ನಿಯಮ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಅನ್ನೋ ಗಾಯಕ ಒಬ್ಬನದೇ 16 ಹಾಡು ಟಾಪ್ 20ರಲ್ಲಿ ಕೂತವು. ಅದೇ ವರ್ಷ ಜುಲೈನಲ್ಲಿ ಒಬ್ಬ ಕಲಾವಿದನಿಗೆ ಮೂರೇ ಹಾಡು ಅಂತ ನಿಯಮ ತಂದರು. ಸಣ್ಣ ಕಂಪನಿಗಳಿಗೆ 1980ರಿಂದ ಅಲ್ಲಿ ಬೇರೆಯೇ ಚಾರ್ಟ್ ಇದೆ. ದೊಡ್ಡ ಕಂಪನಿಗಳು ಹಿಂಬಾಗಿಲಿಂದ ನುಗ್ಗಬಾರದು ಅಂತ 2009ರಲ್ಲಿ ಮಾಲೀಕತ್ವ ನೋಡಿ ಸೇರಿಸುವ ನಿಯಮ ಮಾಡಿದರು, ಕಂಪನಿಯ ಅರ್ಧ ಪಾಲಾದರೂ ಸ್ವತಂತ್ರರ ಕೈಯಲ್ಲಿರಬೇಕು. ಮನಸ್ಸು ಮಾಡಿದರೆ ಆಗುತ್ತದೆ ಅಲ್ವಾ?

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ದರೆ ಅದರ ರೆಕಾರ್ಡಿಂಗ್‌ಗೆ ರಾಯಲ್ಟಿ ಇಲ್ಲ. ಆ ದುಡ್ಡು ಸಾವಿರ ದಾಟಿದ ಹಾಡುಗಳಿಗೆ ಹಂಚಿಕೆ. ಹಂತಿ ಪದ ರೀಲ್ಸ್‌ಗೆ ಹೇಳಿ ಮಾಡಿಸಿದ ಹಾಡಲ್ಲ. ಕಣದಲ್ಲಿ ರಾಶಿ ಮಾಡುವಾಗ ಹಾಡುತ್ತಿದ್ದದ್ದು, ಈಗ ಹಾಡುವವರೇ ಕಮ್ಮಿ. ಅಂಥದ್ದನ್ನು ವರ್ಷಕ್ಕೆ 700 ಸಲ ಯಾರೋ ಹುಡುಕಿಕೊಂಡು ಬಂದು ಕೇಳಿದರೂ ಬಿಡಿಗಾಸಿಲ್ಲ. ಅಂದರೆ ಕೇಳುವವರು ಕಮ್ಮಿಯಾದರೆ ದುಡ್ಡಿಲ್ಲ, ಒಮ್ಮೆಲೇ ಜಾಸ್ತಿಯಾದರೆ ದಂಡ. ನಾವು ಹದವಾಗಿ, ಅಳತೆ ಮಾಡಿಕೊಂಡು ಜನಪ್ರಿಯರಾಗಬೇಕು.

ರೇಡಿಯೋ ಬಗ್ಗೆ ಹೆಚ್ಚು ಹೇಳಲ್ಲ. 2024ರ ಆಗಸ್ಟ್‌ನಲ್ಲಿ 234 ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್ ಹರಾಜಿಗೆ ನಿಮ್ಮ ಸಂಪುಟ ಒಪ್ಪಿಗೆ ಕೊಟ್ಟಿತು, ಸ್ಥಳೀಯ ಭಾಷೆಗೆ ಉತ್ತೇಜನ ಅಂತಲೂ ಹೇಳಿತು. ಸ್ಥಳೀಯ ಭಾಷೆ ಅಂದರೆ ಸಿನಿಮಾ ಹಾಡು ಮಾತ್ರವಾ? ಟಾಪ್ 20 ಅಂತ ಹೇಳಿ ಹಾಡು ಹಾಕುವವರು ಆ 20ನ್ನು ಹೇಗೆ ಆರಿಸಿದೆವು ಅಂತ ಹೇಳಬೇಕು ಅನ್ನೋ ಒಂದು ಸಾಲು ಲೈಸೆನ್ಸ್‌ನಲ್ಲಿ ಸೇರಿಸಲು ಏನು ಕಷ್ಟ?

2025ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ನೀವು ಮಾಧ್ಯಮ, ಮನರಂಜನೆಯವರ ವೇವ್ಸ್ ಶೃಂಗಸಭೆ ಮಾಡಿದಿರಿ. ನಾಲ್ಕು ದಿನ, ದೊಡ್ಡ ವೇದಿಕೆ, ಬರೀ ಕ್ರಿಯೇಟರ್‌ಗಳ ಮಾತು. ಟಿವಿಯಲ್ಲಿ ನೋಡಿದೆ. ಚೌಡಿಕೆ ಹಿಡಿದುಕೊಂಡು ಗುಡ್ಡ ಹತ್ತುವ ಹೆಂಗಸು ಕ್ರಿಯೇಟರ್ ಹೌದೋ ಅಲ್ಲವೋ ಅನ್ನೋದನ್ನು ಒಂದು ಸಲ ಸ್ಪಷ್ಟ ಮಾಡಿ. ಹೌದಾದರೆ ಅವಳ ದೂರನ್ನು ತಗೊಳ್ಳಲು ಆ್ಯಪ್‌ನವರಿಗೆ ಹೇಳಿ.

ಇನ್ನೊಮ್ಮೆ ಹೇಳುತ್ತೇನೆ. ಚಾರ್ಟ್ ನಡೆಸುವವರು ಲೆಕ್ಕದ ನಿಯಮವನ್ನು ಎಲ್ಲರೂ ಓದುವಂತೆ ಹಾಕಬೇಕು, ಕನ್ನಡದ ಹಾಡಿನ ಚಾರ್ಟ್‌ಗೆ ಕನ್ನಡದಲ್ಲಿ. ಹಾಡು ತೆಗೆಯುವ ಮುಂಚೆ, ದಂಡ ಕಡಿಯುವ ಮುಂಚೆ, ಕಾರಣ ಕೊಟ್ಟು ನಮ್ಮ ಮಾತು ಕೇಳಬೇಕು. ಮೇಲ್ಮನವಿ ಸಮಿತಿಯ ಬಾಗಿಲು ಹಾಡು ಮಾಡಿದವರಿಗೂ ತೆರೆಯಬೇಕು. ಲೆಕ್ಕ ತೋರಿಸಿ, ನಮ್ಮ ಮಾತು ಕೇಳಿ. ಅನುದಾನ ಬೇಡ, ಪ್ರಶಸ್ತಿ ಬೇಡ, ಶಾಲು ಹಾರ ಅಂತೂ ಬೇಡವೇ ಬೇಡ.

ಕೃತಕ ಸ್ಟ್ರೀಮ್ ಮಾಡಿಸುವ ಕಳ್ಳರಿದ್ದಾರೆ, ಅವರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದುಡ್ಡು ತಗೊಂಡು ಲಕ್ಷ ಸ್ಟ್ರೀಮ್ ಕೊಡುತ್ತೇವೆ ಅಂತ ನನಗೂ ವಾಟ್ಸಾಪ್‌ನಲ್ಲಿ ಮೆಸೇಜ್ ಬರುತ್ತಿರುತ್ತದೆ. ಅವರು ರಾಜಾರೋಷವಾಗಿ ಅಂಗಡಿ ನಡೆಸುತ್ತಿದ್ದಾರೆ. ಸಿಕ್ಕಿಬಿದ್ದದ್ದು ಜಾತ್ರೆಯ ಟ್ರ್ಯಾಕ್ಟರ್.

ಆಯಮ್ಮನ ಹಾಡು ಇವತ್ತಿನವರೆಗೂ ವಾಪಸ್ ಬಂದಿಲ್ಲ. ಡಿಸ್ಟ್ರಿಬ್ಯೂಟರ್‌ನ ಮೇಲ್, ದಂಡ ಕಡಿದ ಲೆಕ್ಕದ ಹಾಳೆ, ಮೊಮ್ಮಗ ತೆಗೆದ ಸ್ಕ್ರೀನ್‌ಶಾಟ್ ಮೂರನ್ನೂ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ಉತ್ತರ ಹಿಂದಿಯಲ್ಲಿ ಬಂದರೂ ಸರಿ, ಇಂಗ್ಲಿಷ್‌ನಲ್ಲಿ ಬಂದರೂ ಸರಿ, ಓದಿಸಿಕೊಳ್ಳುತ್ತೇನೆ. "ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ" ಅನ್ನೋ ಉತ್ತರ ಮಾತ್ರ ಬೇಡ. ಸಂಬಂಧಪಟ್ಟ ಎರಡೂ ಇಲಾಖೆ ನಿಮ್ಮವೇ.

ಇಂತಿ,
ಹುಬ್ಬಳ್ಳಿ ಕಡೆಯ ಒಬ್ಬ ಆಡಿಯೋ ಕಂಪನಿಯವ